ಸಿಲಿಂಡರಿನ ಬುಡದ ತಗಡು

ಹಾಸ್ಟೆಲ್, ಬೆಂಗಳೂರು
ಜನವರಿ ೧೯೪೪

ಯಲ್ದೂರಿನ ಮುನಿಶಾಮಣ್ಣನಿಗೆ,

ಎದುರಿಗೆ ಒಮ್ಮೆಯೂ ನಿನ್ನನ್ನು ಅಣ್ಣ ಎಂದವನಲ್ಲ ನಾನು. ಈಗ ಅನ್ನುತ್ತಿದ್ದೇನೆ, ಏಕೆಂದರೆ ಇದನ್ನು ನನ್ನ ಬಾಯಿಂದ ಹೇಳಬೇಕಾಗಿಲ್ಲ. ನಿನಗೆ ಓದು ಬರುವುದಿಲ್ಲ. ಚಿನ್ನದ ಗಣಿಯಿಂದ ನಿನ್ನ ತಮ್ಮನ ಕಾರ್ಡು ಬಂದಾಗಲೆಲ್ಲ ಅದನ್ನು ತಲೆಯ ವಸ್ತ್ರಕ್ಕೆ ಸಿಕ್ಕಿಸಿಕೊಂಡು ನನ್ನ ಅಕ್ಕನ ಗಂಡ ಅಪ್ಪಾಜಪ್ಪ ಭಾವನ ಜಗಲಿಗೆ ಬರುತ್ತಿದ್ದೆ. ಬೀದಿಯವರ ಕಾಗದಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವವರು ಅವರೇ. ಕೈ ಮುರಿದ ಮೇಲೂ ನೀನು ಅಲ್ಲಿಗೇ ಬರುತ್ತೀಯಂತೆ, ಅಕ್ಕ ಬರೆದಿದ್ದಳು. ಹಾಗಾದರೆ ಈ ಕಾಗದವೂ ಅವರ ಕೈಗೇ ಹೋಗುತ್ತದೆ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಅವರಿಗೇ ಬರೆಯಲು ನಾಲ್ಕು ಸಲ ಕೂತೆ, ನಾಲ್ಕು ಸಲವೂ ಹರಿದೆ.

ಹೋದ ವಾರ ನಮಗೆ ಫಿಸಿಕ್ಸ್ ಪರೀಕ್ಷೆ ಇತ್ತು. ಎಂಜಿನ್ನಿನೊಳಗೆ ಒತ್ತಡ ಹೆಚ್ಚಿಸಿ ಕೀಳು ಎಣ್ಣೆ ಹಾಕಿದರೆ ಏನಾಗುತ್ತದೆ, ಏಕೆ ಆಗುತ್ತದೆ ಎಂದು ಒಂದು ಪ್ರಶ್ನೆ. ಎರಡು ಪುಟ ಬರೆದೆ. ಹತ್ತಕ್ಕೆ ಒಂಬತ್ತು ಬಂತು. ಲೆಕ್ಚರರು ನನ್ನ ಉತ್ತರವನ್ನು ಇಡೀ ಕ್ಲಾಸಿಗೆ ಓದಿ ತೋರಿಸಿದರು, "ವೆರಿ ಗುಡ್, ಇದನ್ನೆಲ್ಲ ಎಲ್ಲಿ ಕಲಿತೆಯಯ್ಯಾ?" ಎಂದರು. ಪುಸ್ತಕದಲ್ಲಿ ಓದಿದೆ ಸರ್ ಎಂದೆ. ನೋಡು, ಅಲ್ಲೂ ನಿನ್ನ ಹೆಸರು ಹೇಳಲಿಲ್ಲ.

ಹೋದ ಬೇಸಿಗೆ ಕೋಲಾರದ ಹಾಸ್ಟೆಲ್ಲಿನಲ್ಲಿ ಹೈಸ್ಕೂಲು ಮುಗಿಸಿ ಯಲ್ದೂರಿಗೆ ಬಂದಿದ್ದೆನಲ್ಲ. ಹತ್ತು ವರ್ಷದವನಿದ್ದಾಗಿನಿಂದ ಹಾಸ್ಟೆಲ್ಲಿನ ಗಂಟೆಗೆ ಎದ್ದು ಗಂಟೆಗೆ ಉಂಡವನು. ಎತ್ತಿಗೆ ನೊಗ ಕಟ್ಟಲು ಬಾರದು, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದರೆ ಕೈ ಕೊಯ್ದುಕೊಳ್ಳುತ್ತಿದ್ದೆ. "ಏನಯ್ಯಾ ದೊರೆ, ಸಗಣಿಗೆ ಇಂಗ್ಲೀಷಲ್ಲಿ ಏನಂತಾರೆ?" ಎಂದು ಭಾವ ಊಟಕ್ಕೆ ಕೂತಾಗಲೆಲ್ಲ ಕೇಳುವರು. ಪಂಕ್ತಿಯೆಲ್ಲ ನಗುವುದು. ಬಡಿಸುತ್ತಿದ್ದ ನನ್ನ ಅಕ್ಕ ಗಂಗರತ್ನಮ್ಮನೂ ಸೆರಗಿನಲ್ಲಿ ನಗುವಳು. ನನಗೆ ಆ ಮನೆಯಲ್ಲಿ ಬರುತ್ತಿದ್ದದ್ದು ಒಂದೇ, ಮೋಟಾರ್ ಸೈಕಲ್ಲಿನ ಜೊತೆ ಬಂದಿದ್ದ ಆ ಇಂಗ್ಲಿಷ್ ಪುಸ್ತಕ ಓದುವುದು.

ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಭಾವ ಕೊಂಡ ಗಾಡಿ ಅದು. ಮಾಲೂರಿನಿಂದ ರೇಷ್ಮೆಹುಳುವಿನ ಮೊಟ್ಟೆಯ ಹಾಳೆಗಳನ್ನು ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಕಟ್ಟಿಕೊಂಡು, ಬಿಸಿಲೇರುವ ಮೊದಲು ನಮ್ಮ ಕಡೆಯ ಹುಳುಮನೆಗಳಿಗೆ ತಲುಪಿಸುತ್ತಿದ್ದರು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನಾದ ಮೇಲೆ ಅರ್ಧಕ್ಕರ್ಧ ಸೀಮೆಎಣ್ಣೆ ಬೆರೆಸಿಯೇ ಓಡಿಸುವುದು. ಹೊಗೆ ಕಕ್ಕುತ್ತಿತ್ತು, ದಿಣ್ಣೆ ಹತ್ತುವಾಗ ಎತ್ತಿನ ಗಾಡಿಗಿಂತ ಸ್ವಲ್ಪ ಮೇಲು. ಆದರೆ ಎರಡು ವರ್ಷದಲ್ಲಿ ಒಂದು ದಿನವೂ ದಾರಿಯಲ್ಲಿ ನಿಂತದ್ದಿಲ್ಲ. ಅದು ನಿನ್ನ ಕೈ. ಶ್ರೀನಿವಾಸಪುರದಿಂದ ಮುಳಬಾಗಿಲಿನವರೆಗೆ ಎಲ್ಲರೂ ಹಾಗೇ ಅನ್ನುತ್ತಿದ್ದರು, ಅಪ್ಪಾಜಪ್ಪನ ಗಾಡಿ ಮುನಿಶಾಮಿ ಕೈ ಗಾಡಿ ಎಂದು.

ಪುಸ್ತಕದಲ್ಲಿ ಬರೆದಿತ್ತು: ಸಿಲಿಂಡರಿನ ಬುಡದಲ್ಲಿ ಒಂದು ತೆಳು ತಗಡು ಇರುತ್ತದೆ, ಅದನ್ನು ತೆಗೆದರೆ ಒಳಗಿನ ಒತ್ತಡ ಹೆಚ್ಚಿ ಗಾಡಿಗೆ ಶಕ್ತಿ ಬರುತ್ತದೆ. ಎರಡು ದಿನದ ಮದುವೆಗೆಂದು ಭಾವ ಮುಳಬಾಗಿಲಿಗೆ ಹೋದದ್ದೇ ತಡ, ಗಾಡಿ ತಳ್ಳಿಕೊಂಡು ನಿನ್ನ ಕೊಟ್ಟಿಗೆಗೆ ಬಂದು ಆ ತಗಡು ತೆಗೆ ಎಂದೆ. ನೀನು ನಕ್ಕುಬಿಟ್ಟೆ. "ವದ್ದು ಸಾಮಿ, ಬ್ಯಾಡ. ಓಡೋ ಗಾಡೀನ ಯಾಕೆ ಬಿಚ್ಚೋದು? ಸೀಮೆಎಣ್ಣೆ ಕುಡಿಯೋ ಗಾಡಿಗೆ ಹೊಟ್ಟೆ ಸಡಿಲ ಇರ್ಬೇಕು. ಬಿಗಿ ಮಾಡಿದ್ರೆ ಒಳಗೇ ಒದ್ದಾಡಿ ಸಾಯ್ತದೆ." ನನ್ನ ಎರಡು ಪುಟದ ಉತ್ತರ ಅಷ್ಟೇ, ಮುನಿಶಾಮಣ್ಣ. ನೀನು ಸ್ಪ್ಯಾನರ್ ಒರೆಸುತ್ತ ಹೇಳಿ ಮುಗಿಸಿದ್ದೆ.

ನನಗೆ ಮೈಯೆಲ್ಲ ಉರಿಯಿತು. ಊಟದ ಪಂಕ್ತಿಯಲ್ಲಿ ನಗುವವರು ಸಾಲದೆಂದು ಅಕ್ಷರ ಬಾರದವನೂ ನಗುತ್ತಾನಲ್ಲ ಎಂದುಕೊಂಡೆ. ಅದಕ್ಕೇ ಹೇಳಿದೆ, "ಭಾವನೇ ತೆಗೆಸು ಅಂತ ಹೇಳಿಹೋಗಿದ್ದಾರೆ. ಬೇಕಾದ್ರೆ ಬಂದ್ಮೇಲೆ ಕೇಳ್ಕೋ."

ಅವರು ಹೇಳಿರಲಿಲ್ಲ. ಭಾವ, ಈ ಸಾಲನ್ನು ದಯವಿಟ್ಟು ಇನ್ನೊಂದು ಸಲ ಓದಿ. ನೀವು ಹೇಳಿರಲಿಲ್ಲ.

ಯಜಮಾನರ ಮಾತೆಂದ ಮೇಲೆ ನೀನು ಎಂಜಿನ್ ಬಿಚ್ಚಿ, ತಗಡು ತೆಗೆದು, ಎಣ್ಣೆ ಒರೆಸಿ ನನ್ನ ಅಂಗೈಗೆ ಇಟ್ಟೆ. "ಜೋಪಾನ ಸಾಮಿ, ಮತ್ತೆ ಹಾಕ್ಬೇಕಾಗ್ತದೆ" ಎಂದೆ. ಕೂಪನ್ನಿನ ಪೆಟ್ರೋಲು ಒಂದಿಷ್ಟು ಉಳಿದಿತ್ತು, ಅದನ್ನೇ ಹಾಕಿಕೊಂಡು ಕೆರೆಯ ಏರಿಯವರೆಗೆ ಓಡಿಸಿದೆ. ಹಾರಿತು! ಜನ್ಮದಲ್ಲಿ ಅಷ್ಟು ಸಂತೋಷ ನನಗೆ ಆದದ್ದಿಲ್ಲ. ಗಾಡಿ ತೊಳೆಸಿದೆ ಎಂದಷ್ಟೇ ನಾನು ಭಾವನಿಗೆ ಹೇಳಿದ್ದೆ. ಅವರು ಬಂದು ಒಂದು ಸುತ್ತು ಹೋದವರು, "ಏನ್ಲಾ ಮುನಿಶಾಮಿ, ತೊಳೆದಿದ್ದಕ್ಕೇ ಹಿಂಗಾಯ್ತಾ!" ಎಂದು ನಿನ್ನ ಬೆನ್ನು ತಟ್ಟಿದರು. ಅವರು ತಮಾಷೆಗೆ ಹಾಗೆನ್ನುತ್ತಾರೆ ಎಂದು ನೀನು ಸುಮ್ಮನೆ ನಕ್ಕೆ. ಆಗಲೇ ನಾನು ಬಾಯಿಬಿಡಬಹುದಿತ್ತು. ಅವರು ಮಾಲೂರಿಗೆ ಹೋಗಿ ಅರ್ಧ ಹೊತ್ತಿಗೇ ವಾಪಸು ಬರಲಿ, ಆಮೇಲೆ ಪಂಕ್ತಿಯಲ್ಲಿ ಎಲ್ಲರೆದುರಿಗೆ ಹೇಳೋಣ ಎಂದು ಕಾದೆ.

ಎಂದಿನಂತೆ ಸೀಮೆಎಣ್ಣೆ ಬೆರೆಸಿಕೊಂಡೇ ಭಾವ ಹೊರಟರು. ವಾಪಸು ಬರುವಾಗ ವಕ್ಕಲೇರಿ ದಾಟಿದ ಮೇಲೆ ಎಂಜಿನ್ ಸುತ್ತಿಗೆಯಲ್ಲಿ ಹೊಡೆದ ಹಾಗೆ ಬಡಿದುಕೊಂಡು ನಿಂತಿತು. ಒಂದು ಮರವಿಲ್ಲದ ದಾರಿ. ಭಾವ ತಮ್ಮ ಪಂಚೆಯನ್ನೇ ಬಿಚ್ಚಿ ಬುಟ್ಟಿಗೆ ನೆರಳು ಮಾಡಿ ಕೂತಿದ್ದರಂತೆ. ಎತ್ತಿನ ಗಾಡಿಯ ಮೇಲೆ ಊರಿಗೆ ಬಂದಾಗ ಹಾಳೆಗಳ ಮೇಲಿನ ಮೊಟ್ಟೆಗಳು ಒಣಗಿ ಗುಳಿಬಿದ್ದಿದ್ದವು. ಹದಿನೆಂಟು ಮನೆಯವರು ಹುಳುಮನೆ ಸಾರಿಸಿ, ಎಳೆಸೊಪ್ಪು ಕೊಯ್ದಿಟ್ಟು ಕಾಯುತ್ತಿದ್ದರು. ಒಂದು ಬೆಳೆ ಹೋಯಿತು. ಅವರಲ್ಲೊಬ್ಬಳು, ಚಿಕ್ಕವೆಂಕಟಮ್ಮ, ಒಣಗಿದ ಹಾಳೆಯನ್ನು ಭಾವನ ಕಾಲಿನ ಹತ್ತಿರ ಎಸೆದು ಹೋದಳು.

ಎಲ್ಲರೂ ನೋಡುತ್ತಿರುವಾಗಲೇ ಎಂಜಿನ್ ಬಿಚ್ಚಿಸಿದರು. ಪಿಸ್ಟನ್ನಿನ ತಲೆಯಲ್ಲಿ ಬೆರಳು ತೂರುವಷ್ಟು ತೂತು. "ನಾನು ಬ್ಯಾಡ ಅಂದೆ ಬುದ್ಧಿ. ನೀವೇ ತಗಡು ತೆಗೆಸಿದ್ದು ಅಂತ ಚಿಕ್ಕಸಾಮಿ ಹೇಳಿದ್ರು" ಎಂದೆ ನೀನು. ಭಾವ ನನ್ನ ಕಡೆ ತಿರುಗಿದರು. ಬಿಚ್ಚಿದ ನಟ್ಟುಗಳನ್ನು ಹಾಕಿದ್ದ ಎನಾಮಲ್ ತಟ್ಟೆ ನನ್ನ ಕೈಯಲ್ಲಿತ್ತು.

"ನಾನೇನೂ ಹೇಳ್ಲಿಲ್ಲ ಭಾವ. ತಗಡು ಅಂದ್ರೆ ಏನು ಅಂತಾನೇ ನಂಗೆ ಗೊತ್ತಿಲ್ಲ."

"ತಗಡೆಲ್ಲೋ ಹಾಗಾದ್ರೆ? ಕಳ್ಳ ನನ್ಮಗನೇ, ಯಾರಿಗೆ ಮಾರ್ದೆ?" ಎಂದರು ಅವರು.

"ಚಿಕ್ಕಸಾಮಿ ಕೈಗೇ ಕೊಟ್ನಲ್ಲ!" ಎಂದು ನೀನು ನನ್ನ ಕಡೆ ಕೈ ಚಾಚಿದೆ. ಚಾಚಿದ ಆ ಕೈಯನ್ನೇ ಹಿಡಿದು ಜಗಲಿಕಲ್ಲಿನ ಮೇಲಿಟ್ಟು, ಟೈರು ಬಿಚ್ಚುವ ಕಬ್ಬಿಣದಲ್ಲಿ ಹೊಡೆದರು. ಮೂರು ಸಲ. ಎರಡನೆಯದಕ್ಕೇ ಬೆರಳುಗಳು ಮುರಿದಿದ್ದವು. ನಿನ್ನ ಹೆಂಡತಿ ಆಂಜಿನಮ್ಮ ಭಾವನ ಕಾಲು ಹಿಡಿದುಕೊಂಡಿದ್ದಳು. ಅಕ್ಕ ಓಡಿಬಂದು ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, "ಓದೋ ಹುಡುಗ ನೀನು, ಇದನ್ನೆಲ್ಲ ನೋಡ್ಬೇಡ, ಒಳಗೆ ಹೋಗಪ್ಪ" ಎಂದಳು. ಹೋದೆ. ಹೋಗಿ ನನ್ನ ಟ್ರಂಕಿಗೆ ಬೀಗ ಹಾಕಿದೆ. ತಗಡು ಅಲ್ಲಿತ್ತು, ಎರಡು ಷರ್ಟುಗಳ ನಡುವೆ.

ದಸರಾ ರಜಕ್ಕೆ ಬಂದಾಗ ನೀನು ಎಡಗೈಯಲ್ಲಿ ಸೊಪ್ಪಿನ ಹೊರೆ ಎತ್ತಲು ಹೆಣಗುತ್ತಿದ್ದೆ. ಬಲಗೈ ಬೆರಳುಗಳು ಕೊಕ್ಕೆಯಾಗಿ ನಿಂತುಬಿಟ್ಟಿದ್ದವು. ನನ್ನನ್ನು ನೋಡಿ, "ಚೆನ್ನಾಗಿ ಓದ್ತಾ ಇದೀರಾ ಸಾಮಿ?" ಎಂದೆ. ಅದರಲ್ಲಿ ಒಂದು ಹನಿ ವಿಷವಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಆಗ ಅರ್ಥವಾಯಿತು. ಹೇಳಿದ್ದು ಭಾವನೇ, ಆಮೇಲೆ ಇಲ್ಲವೆಂದವರೂ ಅವರೇ, ಹುಡುಗ ಹೆದರಿ ಅವರ ಮಾತಿಗೇ ತಾಳ ಹಾಕಿದ ಎಂದು ನೀನು ನಂಬಿದ್ದೀಯ. ಅದು ನನಗೆ ಅನುಕೂಲವಾಗಿತ್ತು. ಅನುಕೂಲವಾಗಿಯೇ ಇಟ್ಟುಕೊಂಡೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಾನು ಇವತ್ತೇ ನಿದ್ದೆ ಮಾಡುತ್ತೇನೆ. ನಿನ್ನನ್ನು ಕಳ್ಳ ಎಂದ ಬಾಯಿಯೇ ಇದನ್ನು ಓದಬೇಕು, ಅಷ್ಟೇ ನನ್ನ ಆಸೆ. ನನ್ನ ಓದು ನಡೆಯುತ್ತಿರುವುದು ಭಾವನ ದಯದಿಂದ. ಇಂದಿಗೆ ಅದೂ ಮುಗಿಯುತ್ತದೆ. ಹೆದರಿಕೆಯಾಗುತ್ತಿದೆ, ಬರೆಯುವಾಗಲೂ ಕೈ ನಡುಗುತ್ತಿದೆ. ನಡುಗಲು ನನಗಿನ್ನೂ ಎರಡು ಕೈಗಳಿವೆ.

ಓದುವವರು ನಡುವೆ ಸಾಲುಗಳನ್ನು ನುಂಗಿದರೂ ನಿನಗೆ ಗೊತ್ತಾಗುವುದಿಲ್ಲ. ಅದಕ್ಕೇ ಈ ಕಾಗದದ ಜೊತೆ ಒಂದು ಪಾರ್ಸೆಲನ್ನೂ ನಿನ್ನ ಹೆಸರಿಗೆ ಕಳಿಸುತ್ತಿದ್ದೇನೆ. ಗಂಟು ಸಡಿಲವಾಗಿ ಕಟ್ಟಿದ್ದೇನೆ, ಎಡಗೈಯಲ್ಲೇ ಬಿಚ್ಚಬಹುದು. ಒಳಗಿರುವುದನ್ನು ಮುಟ್ಟಿದರೇ ಗುರುತು ಸಿಗುತ್ತದೆ ನಿನಗೆ. ಕಾಗದ ಓದಿಸುವ ಮೊದಲೇ, ಜನ ಇರುವಾಗ, ನೀನು ಅದನ್ನು ಅದೇ ಜಗಲಿಕಲ್ಲಿನ ಮೇಲಿಡುತ್ತೀಯ ಎಂದು ನಂಬಿದ್ದೇನೆ. ಯಾರ ಹತ್ತಿರ ಇತ್ತು ಎಂದು ಕೇಳುತ್ತಾರೆ. ಪಾರ್ಸೆಲ್ಲಿನ ಮೇಲಿರುವ ಕಳಿಸಿದವನ ಹೆಸರೇ ಉತ್ತರ ಹೇಳುತ್ತದೆ.

ನಿನ್ನ ಎಡಗೈ ಬಲಗೈಯ ವಿದ್ಯೆಯನ್ನೆಲ್ಲ ಕಲಿಯಲಿ. ನನ್ನ ಹೆಸರು ಕೇಳಿದಾಗ ಯಲ್ದೂರಿನಲ್ಲಿ ಯಾರೂ ನಗದಿರಲಿ.

ಇಂತಿ, ನಿನಗೆ ಸುಳ್ಳು ಹೇಳಿದ,
ಸೀನಪ್ಪ