ಮಸಿ ಕಾಗದದ ಗೆರೆಗಳು

ಹೊರಮಾವು
ಗುರುವಾರ, ೧೨ನೇ ಆಗಸ್ಟ್ ೧೯೪೩

ಮನೆಯವರಿಗೆ ಗಂಗಲಕ್ಷ್ಮಿಯ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಯಾರ ಮೈಗೂ ಏನೂ ಆಗಿಲ್ಲ, ಅಷ್ಟರ ಮಟ್ಟಿಗೆ ಕ್ಷೇಮ. ಗಂಡನ ಹೆಸರನ್ನು ನಾನು ಬರೆಯುವ ಹಾಗಿಲ್ಲವಲ್ಲ, ಲಕೋಟೆಯ ಮೇಲಿನದನ್ನು ತಂಗಿ ಬೈರಮ್ಮನ ಕೈಲಿ ಬರೆಸಿದ್ದೇನೆ. ಒಳಗಿನದನ್ನು ಅವಳಿಗೆ ತೋರಿಸಿಲ್ಲ. ಕರೀಂ ಸಾಹೇಬರ ಜಟಕಾ ನಾಳೆ ದಂಡಿನ ಮಾರ್ಕೆಟ್ಟಿಗೆ ಹೋಗುತ್ತದೆ. ದಾರಿಯಲ್ಲಿ ಹಲಸೂರಿನಲ್ಲಿ ಇಳಿದು ನಿಮ್ಮ ಕೈಗೇ ಕೊಡುತ್ತಾರೆ.

ವಿಷಯ ಇಷ್ಟು. ಅಪ್ಪ ಕೆರೆ ಕಟ್ಟೆಯ ಕೆಳಗಿನ ಗದ್ದೆಯನ್ನೂ ಈ ಮನೆಯನ್ನೂ ಮಾರುತ್ತಿದ್ದಾರೆ. ಸೋಮವಾರ ರಿಜಿಸ್ಟ್ರಿ. ಕಾರಣ ನೀವು. ಹೋದ ತಿಂಗಳು ಇಲ್ಲಿ ಊಟಕ್ಕೆ ಕೂತಾಗ ನೀವೇ ಹೇಳಿದಿರಿ: ಕಟ್ಟೆಯ ಹಿಂದಿನ ಬಂಡೆಯ ಬಿರುಕು ಸತ್ತ ಬಿರುಕಲ್ಲ, ಅದರ ಒಂದು ಮಗ್ಗುಲು ಇನ್ನೂ ಸರಿಯುತ್ತಿರಬಹುದು, ಹಲಸೂರಿನ ಮನೆಯಲ್ಲಿಟ್ಟಿರುವ ಭೂಕಂಪ ಅಳೆಯುವ ಯಂತ್ರ ಮೂರು ತಿಂಗಳಲ್ಲಿ ಹತ್ತೊಂಬತ್ತು ಸಲ ನಡುಕ ಬರೆದಿದೆ, ದೊಡ್ಡದೊಂದು ಬಂದರೆ ಕಟ್ಟೆ ನಿಲ್ಲುವುದಿಲ್ಲ. ಅಪ್ಪ ಆಮೇಲೆ ಸರಿಯಾಗಿ ಊಟ ಮಾಡಿದ್ದನ್ನು ನಾನು ನೋಡಿಲ್ಲ. ಮೊನ್ನೆ ನಾನು ಬೇಡವೆಂದು ಕೂಗಾಡಿದಾಗ ಒಂದೇ ಮಾತು ಹೇಳಿದರು, "ಅಳಿಯಂದ್ರು ಓದ್ದೋರು, ಸುಮ್‌ಸುಮ್ನೆ ಹೇಳ್ತಾರೇನಮ್ಮ?"

ಆ ನಡುಕಗಳು ಭೂಮಿಯವಲ್ಲ. ನನ್ನವು.

ಕಛೇರಿಯ ಮುಂದೆ ಮಿಲಿಟರಿ ಲಾರಿಗಳ ಕಾಟವೆಂದು ಯಂತ್ರವನ್ನು ನಮ್ಮ ಹಿಂದಿನ ಕೋಣೆಗೆ ತಂದಿರಿ. ನೀವು ಕ್ಯಾಂಪಿಗೆ ಹೋದಾಗ ಸೀಮೆಎಣ್ಣೆ ದೀಪದ ಹೊಗೆಗೆ ಕಾಗದ ಹಿಡಿದು ಕಪ್ಪು ಮಾಡುವುದು, ಉರುಳೆಗೆ ಸುತ್ತಿ ಮುಳ್ಳು ಕೂರಿಸುವುದು, ಮಾರನೆಯ ದಿನ ಬಿಚ್ಚಿ ವಾರ್ನಿಷಿನಲ್ಲಿ ಅದ್ದಿ ಒಣಹಾಕುವುದು ಎಲ್ಲ ನನಗೆ ಕಲಿಸಿದಿರಿ. ಬೀಸುಕಲ್ಲು ಮಾತ್ರ ಮುಟ್ಟಬೇಡ, ರಾಗಿಯನ್ನು ಮಿಷಿನ್ನಿಗೆ ಕಳಿಸು ಎಂದಿರಿ. ಹೂಂ ಎಂದೆ. ಎರಡು ವಾರ ಕಳಿಸಿದೆ ಕೂಡ. ಆದರೆ ನಿಮ್ಮ ತಾಯಿಗೆ ಮಿಷಿನ್ ಹಿಟ್ಟಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ, ಸುಟ್ಟ ವಾಸನೆ ಎಂದು ತಟ್ಟೆ ದೂಡುತ್ತಿದ್ದರು. ನೀವು ಊರಲ್ಲಿಲ್ಲದ ದಿನ ನೋಡಿ ಬೀಸತೊಡಗಿದೆ. ಅದೂ ಕಳ್ಳತನದ ಕೆಲಸ. ಒಂದು ಹಿಡಿ ಹಾಕಿ ಬೀಸುವುದು, ಎದ್ದು ಬಾಗಿಲು ನೋಡಿ ಬರುವುದು, ಮತ್ತೊಂದು ಹಿಡಿ. ಅದನ್ನೇ ನೀವು ಬಿಟ್ಟು ಬಿಟ್ಟು ಬರುವ ಸಣ್ಣ ನಡುಕಗಳು ಎಂದು ವರದಿ ಮಾಡಿದ್ದು.

ಭೂಮಿತಾಯಿ ನೀವು ಕ್ಯಾಂಪಿಗೆ ಹೋದ ದಿನವನ್ನೇ ಹುಡುಕಿ ನಡುಗುತ್ತಾಳೆ ಎಂಬುದು ನಿಮಗೆ ಹೊಳೆಯಬಾರದಿತ್ತೇ? ಕಲ್ಲು ಮುಟ್ಟಿದೆಯಾ ಎಂದು ಮೂರು ಸಲ ಕೇಳಿದಿರಿ, ನಿಜ. ಮೊದಲೆರಡು ಸಲ ಹೆದರಿ ಸುಳ್ಳು ಹೇಳಿದೆ. ಮೂರನೆಯ ಸಲ ಹೆದರಿಕೆ ಇರಲಿಲ್ಲ. ಕಾಗದಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಿರಿ. ಮದುವೆಯಾಗಿ ಏಳು ವರ್ಷದಲ್ಲಿ ನಿಮ್ಮ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಅದನ್ನು ಕೆಡಿಸಲು ನನ್ನಿಂದ ಆಗಲಿಲ್ಲ.

ಅಪ್ಪನಿಗೆ ನಾನೇ ಹೇಳಿಬಿಡಬಹುದು. ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಎಲ್ಲರೂ ನಿಮ್ಮ ಹೆಸರು ಹೇಳಿ ನಗುತ್ತಾರೆ. ಅದು ನನಗೆ ಬೇಡ. ಭಾನುವಾರ ಬನ್ನಿ. ಲೆಕ್ಕ ತಪ್ಪಿತು, ಮಾರಬೇಡಿ ಎಂದು ನೀವೇ ಅಪ್ಪನಿಗೆ ಹೇಳಿ. ಕಛೇರಿಗೂ ಬರೆಯಿರಿ, ತಪ್ಪು ಹೆಂಡತಿಯದು ಎಂದು ಧಾರಾಳವಾಗಿ ಬರೆಯಿರಿ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಅದು ನ್ಯಾಯವೇ. ಅತ್ತೆಯವರನ್ನು ಮಾತ್ರ ಬೈಯಬೇಡಿ, ಕಲ್ಲು ಮುಟ್ಟಬಾರದೆಂದು ನೀವು ಹೇಳಿದ್ದು ಅವರಿಗೆ ಗೊತ್ತಿಲ್ಲ.

ನಿಮ್ಮ
ಗಂಗಲಕ್ಷ್ಮಿ

ಸಹಿ ಹಾಕಿದ ಮೇಲೆ: ಕಾಗದ ಮಡಿಸಲು ಮನಸ್ಸು ಬರುತ್ತಿಲ್ಲ. ಹತ್ತೊಂಬತ್ತರಲ್ಲಿ ಹದಿನೆಂಟು ನನ್ನವು. ಜೂನ್ ಇಪ್ಪತ್ತರದು ಅಲ್ಲ. ಆ ದಿನ ಬೆಳಿಗ್ಗೆ ಉರುಳೆಗೆ ಕಾಗದ ಸುತ್ತಿ, ಮನೆಗೆ ಬೀಗ ಹಾಕಿ, ಅತ್ತೆಯವರನ್ನೂ ಕರೆದುಕೊಂಡು ಬೈರಮ್ಮನ ಮಗುವಿನ ನಾಮಕರಣಕ್ಕೆ ಇಲ್ಲಿಗೆ ಬಂದಿದ್ದೆ. ಮೂರು ಗಂಟೆಯ ಹೊತ್ತಿಗೆ ನಡುಮನೆಯ ಹಲಗೆ ಮೇಲಿನ ಹಿತ್ತಾಳೆ ತಟ್ಟೆಗಳು ಗಲಗಲ ಅಂದವು, ಕೊಡದ ನೀರು ತುಳುಕಿತು. ಅಮ್ಮ ಲಾರಿ ಎಂದರು. ನಮ್ಮ ಬೀದಿಗೆ ಲಾರಿ ಬರುವ ದಾರಿಯೇ ಇಲ್ಲ. ಮಾರನೆಯ ದಿನ ಹಲಸೂರಿಗೆ ಬಂದು ಬಿಚ್ಚಿದ ಕಾಗದದಲ್ಲಿ ಗೆರೆ ಇದ್ದದ್ದು ಮೂರು ಗಂಟೆಯ ಹತ್ತಿರವೇ. ಗದ್ದೆ ಉಳಿಯಲಿ ಎಂಬ ಆಸೆಗೆ ಅದನ್ನು ಮೇಲೆ ಬರೆಯದೆ ಬಿಟ್ಟೆ. ಅಪ್ಪ ಅಮ್ಮ ಮಲಗುವುದು ಕಟ್ಟೆಯ ಕೆಳಗಿನ ಇದೇ ಮನೆಯಲ್ಲಿ. ಬರುವಾಗ ಆ ಕಾಗದ ತನ್ನಿ.