ಬ್ಯಾಂಟಮ್‌ವೇಟ್ ಪಟ್ಟಿಯ ಮೂರನೇ ಹೆಸರು

ನಾಯಕನಹಟ್ಟಿ, ಗುರುವಾರ

ಮ್ಯಾನೇಜರ್ ಸಿದ್ದಲಿಂಗೇಶ್ ಅವರಿಗೆ ಪ್ರೇಮಲತಾ ಮಾಡುವ ನಮಸ್ಕಾರಗಳು.

ಚಾಂಪಿಯನ್ ಜೊತೆಗಿನ ಪ್ರಶಸ್ತಿ ಪಂದ್ಯದ ಕರಾರು ಪತ್ರ ತಲುಪಿದೆ. ನಾನು ಸಹಿ ಹಾಕಿಲ್ಲ.

ಫ್ಲೈವೇಟ್ ತೂಕದವರ ಶ್ರೇಯಾಂಕ ಪಟ್ಟಿಯಲ್ಲಿ ನಾನು ಒಂಬತ್ತನೆಯವಳಾಗಿದ್ದೆ. ಪುಣೆಯಲ್ಲಿ ಸೋತ ಮೇಲೆ ಒಂದೂ ಬಾಕ್ಸಿಂಗ್ ಪಂದ್ಯ ಆಡಿಲ್ಲ. ಆದರೂ ಪಂದ್ಯ ಏರ್ಪಡಿಸುವ ನಿಮ್ಮವರ ಹೊಸ ಪಟ್ಟಿಯಲ್ಲಿ, ನನಗಿಂತ ಹೆಚ್ಚು ತೂಕದವರ ಬ್ಯಾಂಟಮ್‌ವೇಟ್‌ನಲ್ಲಿ, ಮೂರನೆಯವಳಾಗಿದ್ದೇನೆ. ಖುಷಿಯಿಂದ ಅವ್ವನಿಗೆ ಹೇಳಿದೆ. ಶೇಂಗಾ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, "ಹೊಡೆದಾಡ್ದೇನೆ ಯಾರು ಮೇಲಕ್ಕೆ ಹತ್ತಿಸ್ತಾರವ್ವ? ಅವರಿಗೇನು ಲಾಭ ಐತೆ ನೋಡು" ಅಂದಳು.

ಚಾಂಪಿಯನ್‌ಗೆ ಸುಲಭದ ಗೆಲುವು ಕೊಡಿಸಲೆಂದೇ ನನ್ನನ್ನು ಮೇಲಕ್ಕೆ ಹತ್ತಿಸಿದ್ದೀರೇನೋ ಎಂದು ಆಗ ನನಗೂ ಅನುಮಾನ ಹತ್ತಿತು. ಪುಣೆಯ ಪಂದ್ಯದ ಮರುದಿನ ನನ್ನ ತಲೆಯ ಸ್ಕ್ಯಾನ್ ಮಾಡಿಸಿದಿರಿ. ವೈದ್ಯರು ನಿಮ್ಮೊಬ್ಬರನ್ನೇ ಒಳಗೆ ಕರೆದರು. ಹೊರಗೆ ಬಂದು, "ಏನೂ ಇಲ್ಲ ಕಣಮ್ಮ, ಬರೀ ಸುಸ್ತು" ಅಂದಿರಿ. ವರದಿ ಕೇಳಿದಾಗಲೆಲ್ಲ ಮಾತು ಬದಲಿಸಿದಿರಿ.

ಈಚೆಗೆ ಎಡಗೈಯಿಂದ ಲೋಟ ಜಾರುತ್ತಿದೆ. ಸೋಮವಾರ ಚಳ್ಳಕೆರೆಗೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿಸಿದೆ. ತಲೆಯೊಳಗೆ ಹಿಂದೆ ರಕ್ತ ಸೋರಿದ ಗುರುತಿದೆ, ಇನ್ನೊಂದು ಗಟ್ಟಿ ಏಟು ಬಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರಮ್ಮ ನನಗೇ ಹೇಳಿದರು.

ದಯವಿಟ್ಟು ಪುಣೆಯ ವರದಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಖುದ್ದಾಗಿ ಬರಬೇಡಿ. ನಿಮ್ಮನ್ನು ಕಂಡರೆ ಅವ್ವನನ್ನು ಹಿಡಿದು ನಿಲ್ಲಿಸುವುದು ನನ್ನಿಂದಾಗದು.

ಈ ಪತ್ರದ ಒಂದು ಪ್ರತಿಯನ್ನು ಚಾಂಪಿಯನ್ ಹುಡುಗಿಗೂ ಕಳಿಸಿದ್ದೇನೆ. ನನ್ನ ತಲೆಯ ವಿಷಯ ಅವಳಿಗೂ ಯಾರೂ ಹೇಳಿರಲಿಕ್ಕಿಲ್ಲ. ಅವಳ ಕೈಯಿಂದ ಏನು ಮಾಡಿಸಲು ಹೊರಟಿದ್ದಿರಿ ಎಂಬುದು ಅವಳಿಗೂ ಗೊತ್ತಿರಲಿ.

ಇಂತು,
ಪ್ರೇಮಲತಾ