ಎದುರಾಳಿಗಳ ಕಡೆಗೆ ಓಡಿದ ಹುಡುಗಿ

ಕನಕಪುರ
೨೧ ಆಗಸ್ಟ್ ೨೦೦೩

ಪ್ರೀತಿಯ ಯಲ್ಲೂ,

ನಿನಗೂ ನಿನ್ನ ವಾರ್ಡಿನ ಅಷ್ಟೂ ರೋಗಿಗಳಿಗೂ ನನ್ನ ಸಲಾಮು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಈ ರೋಶನ್ ಬೀಯನ್ನು ಚೆನ್ನಾಗಿ ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಆಸ್ಪತ್ರೆಗೆ ಫೋನ್ ಮಾಡಿದೆ ಕಣೇ. ಮಾಡಿದಾಗಲೆಲ್ಲ "ಸಿಸ್ಟರ್ ಹಳ್ಳಿ ಕ್ಯಾಂಪಿಗೆ ಹೋಗ್ಯಾರ್ರಿ" ಅಂತ ನಿಮ್ಮ ರಾಯಚೂರಿನವರು ಇಟ್ಟುಬಿಟ್ಟರು. ಮೊದಲೇ ಹೇಳಿಬಿಡುತ್ತೇನೆ, ಎದೆ ಹಿಡಿದುಕೊಳ್ಳಬೇಡ. ನಿನ್ನ ಭಾರತಿ ಹಾಸ್ಟೆಲ್ಲಿನಲ್ಲಿ ಉಣ್ಣುತ್ತಿದ್ದಾಳೆ, ಓಡಾಡುತ್ತಿದ್ದಾಳೆ, ನನ್ನ ಮೇಲೆ ಮುನಿಸಿಕೊಂಡಿದ್ದಾಳೆ. ಆದರೆ ತಲೆಗೆ ಪೆಟ್ಟು ಬಿದ್ದಿದೆ.

ಧ್ವಜಾರೋಹಣದ ಮಾರನೆಯ ದಿನ ರಾಮನಗರದಲ್ಲಿ ನಮಗೆ, ಪಿ.ಟಿ. ಮೇಷ್ಟ್ರುಗಳಿಗೆಲ್ಲ, ತರಬೇತಿ ಇತ್ತು. ಆಟದಲ್ಲಿ ಮಕ್ಕಳ ಮೈಗೂ ಮನಸ್ಸಿಗೂ ಏಟಾಗದಂತೆ ನೋಡಿಕೊಳ್ಳುವುದು ಹೇಗೆ ಅಂತ. ಹಿಡಿಯುವಾಗ ಕುತ್ತಿಗೆಗೆ ಕೈ ಹಾಕಿಸಬೇಡಿ, ಬೀಳುವುದನ್ನೂ ಕಲಿಸಿ, ಸೋತು ಬಂದವರನ್ನು ನಾಲ್ಕು ಜನರ ಮುಂದೆ ಬೈಯಬೇಡಿ ಅಂದರು. ಪಕ್ಕದಲ್ಲಿದ್ದ ಮಾಗಡಿಯ ಮೇಷ್ಟ್ರು, "ಬೈಯ್ದೆ ಇದ್ರೆ ಇವು ಎದ್ದೇಳ್ತವಾ ಮೇಡಂ? ಕಬಡ್ಡಿ ಏನು ಚೌಕಾಬಾರವಾ?" ಎಂದು ಗೊಣಗಿದರು. ನಾನೂ ನಕ್ಕೆ. ಅಷ್ಟರಲ್ಲಿ ಡಾಕ್ಟರಮ್ಮ ಹೇಳಿದರು: "ತಲೆಗೆ ಏಟು ಬಿದ್ದ ಮಗು ಏನೂ ಆಗಿಲ್ಲ ಅಂತಲೇ ಹೇಳುತ್ತೆ. ಮಾತು ನಂಬಬೇಡಿ, ನಡೆ ನೋಡಿ. ಮೊದಲನೇದು ವಾಸಿಯಾಗೋ ಮುಂಚೆ ಇನ್ನೊಂದು ಏಟು ಬಿದ್ದರೆ ಜೀವಕ್ಕೇ ಸಂಚಕಾರ." ನೀನು ನರ್ಸು, ನಿನಗಿದು ಗೊತ್ತೇ ಇರುತ್ತದೆ.

ನಾನು ಅಲ್ಲಿ ಇದನ್ನು ಕೇಳುತ್ತಿದ್ದ ದಿನವೇ ಇಲ್ಲಿ ಪ್ರಾಕ್ಟೀಸಿನಲ್ಲಿ ಇನ್ನೊಬ್ಬಳ ಮಂಡಿ ನಿನ್ನ ಮಗಳ ತಲೆಗೆ ಬಡಿದಿತ್ತು. ಹಾಸ್ಟೆಲ್ಲಿಗೆ ಬಂದು ವಾಂತಿ ಮಾಡಿದಳಂತೆ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಅಡುಗೆಯ ಮಾರಕ್ಕ ಏನು ಮಾಡಿದಳು ಗೊತ್ತೇ? ದೃಷ್ಟಿ ತೆಗೆದಳು! ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕಿ, "ಒಸೀನೂ ಘಾಟು ಬರ್ನಿಲ್ಲ ಕಣ್ರವ್ವಾ! ತಾಲ್ಲೂಕು ಗೆದ್ದಾಗ್ಲಿಂದ ಎಲ್ರ ಕಣ್ಣೂ ಇವಳ್ಮ್ಯಾಲೇ ಐತೆ. ಯಾರ್ಗೂ ಬಾಯ್ಬುಡಬ್ಯಾಡಿ, ಫಲ ಹೊಂಟೋಯ್ತದೆ" ಎಂದು ಹುಡುಗಿಯರಿಂದ ಆಣೆ ಹಾಕಿಸಿಕೊಂಡಳಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಆಗ ಅವರು ನನಗೂ ಉಸುರಲಿಲ್ಲ. ಮಾರಕ್ಕನನ್ನು ಬೈಯೋಣವೆಂದರೆ, ಪಾಪ, ಅವಳೇ ಮಗುವಿನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು.

ಸೋಮವಾರ ಮೈದಾನಕ್ಕೆ ಹೋದೆ. ಭಾರತಿ ರೈಡಿಗೆ ಹೋದಳು, ಒಬ್ಬಳನ್ನು ಮುಟ್ಟಿದಳು. ತಿರುಗಿ ನಮ್ಮ ಗೆರೆಗೆ ಬರಬೇಕಾದವಳು ಎದುರಾಳಿಗಳ ಕಡೆಗೇ ಓಡಿಬಿಟ್ಟಳು. ಹುಡುಗಿಯರು ಬಿದ್ದುಬಿದ್ದು ನಕ್ಕರು, ಅವಳೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಪಕ್ಕಕ್ಕೆ ಕರೆದು, "ಬೆಳಗ್ಗೆ ಏನೇ ತಿಂಡಿ ತಿಂದೆ?" ಅಂದೆ. ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ, "ಆಡ್ತೀನಿ ಮೇಡಂ, ನಂಗೇನೂ ಆಗಿಲ್ಲ" ಅಂದಳು. ಅಯ್ಯೋ ಯಲ್ಲೂ, ಡಾಕ್ಟರಮ್ಮ ಹೇಳಿದ ಹಾಗೇ ಅಂದಳಲ್ಲ!

ಆಗಲೇ ಬೆಂಗಳೂರಿನ ಬಸ್ಸು ಹತ್ತಿಸಿ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿಸಿದೆ. ರಕ್ತ ಹೆಪ್ಪುಗಟ್ಟಿಲ್ಲ, ಆದರೆ ತಲೆನೋವು ಪೂರ್ತಿ ಹೋಗಿ, ತಾವು ಇನ್ನೊಮ್ಮೆ ನೋಡುವವರೆಗೆ ಆಟ ಬೇಡವೇ ಬೇಡ ಅಂದರು ಅಲ್ಲಿನ ಡಾಕ್ಟರು. ಮೂವತ್ತೊಂದಕ್ಕೆ ಚನ್ನಪಟ್ಟಣದಲ್ಲಿ ಜಿಲ್ಲಾ ಪಂದ್ಯ. ಹೆಡ್‌ಮೇಷ್ಟ್ರು ವೆಂಕಟಯ್ಯನವರಿಗೆ ಹೇಳಿದರೆ, "ಡಾಕ್ಟ್ರುಗಳು ನೆಗಡಿಗೂ ರೆಸ್ಟು ಅಂತಾರೆ ಕಣಮ್ಮ. ಇವಳಿಲ್ದೆ ಹೋದ್ರೆ ಮೊದಲ್ನೇ ಮ್ಯಾಚಿಗೇ ನಾವು ಗೋವಿಂದ" ಅಂದರು. "ಗೋವಿಂದ ಆದ್ರೆ ಆಗ್ಲಿ ಸಾರ್. ನಾಳೆ ಹೆತ್ತವಳ ಮುಂದೆ ನಾನು ನಿಲ್ಬೇಕು, ನಿಮ್ಮ ಕಪ್ಪು ಬಂದು ನಿಲ್ಲಲ್ಲ" ಅಂದುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಅಂದಿದ್ದೇನೋ ಅಂದೆ, ಹೆದರಿಕೆ ಹೋಗಿಲ್ಲ. ಭಾರತಿ ಶೂ ಹಾಕಿಕೊಂಡು ಬಂದು "ಇವತ್ತು ನೋವಿಲ್ಲ ಮೇಡಂ" ಅನ್ನುತ್ತಾಳೆ, ಅನ್ನುವಾಗಲೇ ಹುಬ್ಬು ಗಂಟಿಕ್ಕಿರುತ್ತದೆ. ನನ್ನ ಕಣ್ಣು ತಪ್ಪಿಸಿ ಹೆಡ್‌ಮೇಷ್ಟ್ರನ್ನು ಹಿಡಿದು ಅಂಕಣಕ್ಕೆ ಇಳಿದುಬಿಟ್ಟರೆ? ಅವಳ ತಲೆಗೆ ಇನ್ನೊಂದು ಮಂಡಿ ತಾಗಿದರೆ? ನಾವಿಬ್ಬರೂ ಒಂದೇ ಟೀಮಿನಲ್ಲಿ ಆಡಿ ಬೆಳೆದವರು. ಆ ಸಲಿಗೆಯಿಂದ ಕೇಳುತ್ತಿದ್ದೇನೆ, "ಆಡಕೂಡದು" ಅಂತ ಹೆಡ್‌ಮೇಷ್ಟ್ರಿಗೆ ಎರಡು ಸಾಲು ಬರೆದು ಹಾಕು. ತಾಯಿಯ ಮಾತನ್ನು ಅವರು ಮೀರಲಾರರು.

ನಿನ್ನ ದೇವರೂ ನನ್ನ ದೇವರೂ ಸೇರಿ ಆ ಮಗುವಿನ ತಲೆ ಕಾಯಲಿ. ನೀನು ಹೊತ್ತು ಹೊತ್ತಿಗೆ ಉಣ್ಣು.

ಇಂತು ನಿನ್ನ
ರೋಶನ್

ಮ.ಸೂ: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಸಿಟ್ಟು ತಡೆಯದೆ, "ಒಂದು ಕಪ್ಪಿಗೋಸ್ಕರ ಸಾಯ್ತೀಯೇನೇ?" ಅಂದೆ. ಭಾರತಿ ಅಂದಳು: "ಕಪ್ಪು ಯಾರಿಗ್ ಬೇಕು ಮೇಡಂ? ನನ್ನ ಆಟ ನೋಡೋಕೆ ಬತ್ತೀನಿ ಅಂತ ಅಮ್ಮ ಬರ್ದವ್ರೆ. ಇದೇ ಮೊದಲ್ನೇ ಸಲ. ನಾನು ಆಡಲ್ಲ ಅಂತ ಗೊತ್ತಾದ್ರೆ ಯಾಕ್ ಬತ್ತಾರೆ?" ಆ ಎರಡು ಸಾಲು ಬರೆಯಬೇಡ ಯಲ್ಲೂ. ನೀನೇ ಹೊರಟು ಬಾ. ಅವತ್ತು ಅವಳು ಆಡುವುದಿಲ್ಲ, ಬೆಂಚಿನ ಮೇಲೆ ಕೂತಿರುತ್ತಾಳೆ. ಪಕ್ಕದಲ್ಲಿ ಬಂದು ಕೂತುಕೋ.